ಹಳೆಯ ಬುಲೆಟ್ಟಿಗೆ ಹೊಸ ಸೈಲೆನ್ಸರ್

ಮೋಟಾರ್ ಸೈಕಲ್ಲಿನ ಸೈಲೆನ್ಸರ್ ಮಳೆಗೆ ನೆನೆದು ತುಕ್ಕು ಹಿಡಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಮಳೆಯ ಪಾಲು ಅದರಲ್ಲಿ ಕಡಿಮೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾದಿದ್ದರೆ ಅದು ಆವಿಯಾಗಿ ಹಿಂದಿನಿಂದ ಹೊರಟುಹೋಗುತ್ತದೆ. ಬೆಳಿಗ್ಗೆ ಹಾಲು ತರಲು, ಸಂಜೆ ಯಾರನ್ನೋ ಬಸ್ ಸ್ಟ್ಯಾಂಡಿಗೆ ಬಿಡಲು ಎಂದು ಒಂದೆರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಆ ಆವಿ ತಣ್ಣನೆಯ ತಗಡಿಗೆ ತಾಗಿ, ನೀರಾಗಿ, ಸೈಲೆನ್ಸರಿನ ಕೆಳಹೊಟ್ಟೆಯಲ್ಲಿ ನಿಂತುಬಿಡುತ್ತದೆ. ಹೊಗೆಯಲ್ಲಿರುವ ಆಮ್ಲದ ಅಂಶವೂ ಅದಕ್ಕೆ ಸೇರುತ್ತದೆ. ಹೊರಗೆ ಕ್ರೋಮ್ ಫಳಫಳ ಹೊಳೆಯುತ್ತಿರುವಾಗಲೇ ಒಳಗೆ ತಗಡು ತೆಳ್ಳಗಾಗುತ್ತ ಬಂದು, ಒಂದು ದಿನ ಸ್ಕ್ರೂಡ್ರೈವರ್ ಮೊನೆ ಒತ್ತಿದರೆ ಒಳಕ್ಕೆ ಇಳಿಯುತ್ತದೆ. ಹಾಗಾಗಿ ದೂರ ಓಡುವ ಗಾಡಿಯ ಸೈಲೆನ್ಸರ್ ಹೆಚ್ಚು ಕಾಲ ಬಾಳುತ್ತದೆ; ಮನೆಯ ಮುಂದೆ ನಿಂತ ಗಾಡಿಯದು ಬೇಗ ಹೋಗುತ್ತದೆ.

ನನ್ನದು 1986ರ ಬುಲೆಟ್, 350 ಸಿಸಿ, ಚಿಕ್ಕಪ್ಪನಿಂದ ಬಂದದ್ದು. ಚಿಕ್ಕಮ್ಮನನ್ನು ಹಿಂದೆ ಕೂರಿಸಿಕೊಂಡು, ಎರಡೂ ಬದಿಗೆ ಕ್ಯಾನ್ವಾಸ್ ಚೀಲ ಕಟ್ಟಿಕೊಂಡು ಅವರು ಹಾಸನದಿಂದ ಧರ್ಮಸ್ಥಳ, ಮಂಗಳೂರು, ಕಾರವಾರ ಎಂದು ಆ ಗಾಡಿಯಲ್ಲೇ ತಿರುಗಿದರು. ಆಮೇಲೆ ಅವರಿಗೆ ಮಂಡಿ ನೋವು ಬಂತು, ಗಾಡಿ ಪೇಟೆಯ ಒಳಗಷ್ಟೇ ಓಡಾಡಿತು. ಅದು ನನ್ನ ಕೈಗೆ ಬರುವ ಹೊತ್ತಿಗೆ ಸೈಲೆನ್ಸರಿನ ಕೆಳಭಾಗ ಜರಡಿಯಾಗಿತ್ತು. ಅದನ್ನು ಮತ್ತೆ ಘಾಟಿ ಇಳಿಸಿ ಹತ್ತಿಸುವ ಗಾಡಿ ಮಾಡಬೇಕೆಂಬುದು ನನ್ನ ಆಸೆ. ಗ್ಯಾರೇಜಿನಲ್ಲಿ ಒರೆಸಿ ಇಟ್ಟು, ಭಾನುವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ನೋಡಿ ಸಂತೋಷಪಡುವ ಪೈಕಿಯವನು ನಾನಲ್ಲ. ಗಾಡಿ ಎಂದರೆ ಓಡಬೇಕು.

ಬುಲೆಟ್ಟಿಗೆ ಸೈಲೆನ್ಸರ್ ಹುಡುಕಿಕೊಂಡು ಅಂಗಡಿಗೆ ಹೋದವರಿಗೆ ಅಲ್ಲಿನ ಸಂತೆ ಗೊತ್ತಿರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಿಂತು ಕೇಳಿದರೆ ಇಂದೋರಿ, ಪಂಜಾಬ್, ಶಾರ್ಟ್ ಬಾಟಲ್, ಡಾಲ್ಫಿನ್ ಎಂದು ಹೆಸರುಗಳು ಒಂದರ ಹಿಂದೊಂದು ಬರುತ್ತವೆ. ಬಹುಪಾಲು ಒಂದೇ ಕೆಲಸಕ್ಕೆ ಹುಟ್ಟಿದವು: ಶಬ್ದ ಹೆಚ್ಚಿಸಲು. ಒಳಗೆ ತೂತು ಬಿದ್ದ ಒಂದು ನೇರ ಕೊಳವೆ, ಸುತ್ತ ಒಂದಿಷ್ಟು ಗ್ಲಾಸ್ ವೂಲ್, ಅಷ್ಟೇ. ಹಳೆಯ ಮಾದರಿಯ ನಕಲುಗಳೂ ಸಿಗುತ್ತವೆ. ಅವುಗಳ ತಗಡನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರೆ ಎಷ್ಟು ಮಳೆಗಾಲ ತಡೆದೀತು ಎಂದು ಹೇಳಿಬಿಡಬಹುದು.

ದಾರಿ ತೋರಿಸಿದವರು ನಮ್ಮೂರಿನ ಮೇಸ್ತ್ರಿ. ಅವರ ಗ್ಯಾರೇಜಿನ ಹಿಂದಿನ ಗೋಡೆಗೆ ಒರಗಿಸಿದ ಸೈಲೆನ್ಸರ್‌ಗಳ ಒಂದು ರಾಶಿಯೇ ಇದೆ. ಹೊಸ ಬುಲೆಟ್, ಹೊಸ ಕ್ಲಾಸಿಕ್ ಕೊಂಡ ಹುಡುಗರು ಷೋರೂಮಿನಿಂದ ನೇರ ಬಂದು, ಕಂಪನಿಯ ಸೈಲೆನ್ಸರ್ ಬಿಚ್ಚಿಸಿ ಗದ್ದಲದ್ದನ್ನು ಹಾಕಿಸಿಕೊಂಡು ಹೋಗುತ್ತಾರೆ. ಬಿಚ್ಚಿದ್ದು ಅಲ್ಲೇ ಉಳಿಯುತ್ತದೆ. ಸಾವಿರ ಕಿಲೋಮೀಟರೂ ಓಡದ, ಗೀರೂ ಬೀಳದ, ದಪ್ಪ ತಗಡಿನ ಒಳ್ಳೆಯ ಮಾಲು. "ಸಾರ್, ನಿಮ್ ಗಾಡಿಗೆ ಅಂಗಡಿ ನಕಲು ಹಾಕ್ಸೋದಕ್ಕಿಂತ ಇದ್ರಲ್ಲೊಂದನ್ನ ಕೂರಿಸಣ ಬನ್ನಿ" ಎಂದರು. ಆ ರಾಶಿಯನ್ನು ಎಷ್ಟೋ ಸಲ ನೋಡಿದ್ದೆ. ಅದು ಹಳೆಯ ಗಾಡಿಗಳ ಪಾಲಿಗೆ ಇಂಥ ಉಗ್ರಾಣ ಎಂದು ಅವರು ಹೇಳಿದ ಮೇಲೆಯೇ ಕಂಡದ್ದು.

ಹೊಸದು, ಹಳೆಯದು ಎರಡಕ್ಕೂ ಬುಲೆಟ್ ಎಂದೇ ಹೆಸರು. ಆದರೆ ಒಂದರ ಭಾಗ ಇನ್ನೊಂದಕ್ಕೆ ಸುಮ್ಮನೆ ಕೂರುವುದಿಲ್ಲ. ಇಂಗ್ಲೆಂಡಿನ ರೆಡ್ಡಿಚ್ಚಿನಲ್ಲಿ ಹುಟ್ಟಿದ ಈ ಗಾಡಿಯನ್ನು ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ ಕಟ್ಟಲು ಎನ್‌ಫೀಲ್ಡ್ ಇಂಡಿಯಾ ಶುರುವಾದದ್ದು 1955ರಲ್ಲಿ. ಅಲ್ಲಿಂದ ಐದು ದಶಕಕ್ಕೂ ಹೆಚ್ಚು ಕಾಲ ಬೀಡುಕಬ್ಬಿಣದ ಸಿಲಿಂಡರ್, ಎಂಜಿನ್ ಬೇರೆ ಗೇರ್‌ಬಾಕ್ಸ್ ಬೇರೆ ಇರುವ ಆ ಹಳೆಯ ಕಟ್ಟೇ ನಡೆದುಕೊಂಡು ಬಂತು. ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಒಂದೇ ಮನೆಯೊಳಗೆ ಸೇರಿಸಿದ ಯುಸಿಇ ಬಂದದ್ದು 2008–09ರ ಹೊತ್ತಿಗೆ. ಸಿಲಿಂಡರಿನ ಅಳತೆ ಎರಡರಲ್ಲೂ 70 ಮಿಲಿಮೀಟರ್ ಬೋರ್, 90 ಮಿಲಿಮೀಟರ್ ಸ್ಟ್ರೋಕ್, ಒಟ್ಟು 346 ಸಿಸಿ. ಅಂದರೆ ಪ್ರತಿ ಸಲ ಹೊರಗೆ ತಳ್ಳಬೇಕಾದ ಹೊಗೆಯ ಪ್ರಮಾಣದಲ್ಲಿ ಅಂಥ ಅಂತರವಿಲ್ಲ. ಮೇಸ್ತ್ರಿಯ ಲೆಕ್ಕಾಚಾರಕ್ಕೆ ಇದೇ ಬುನಾದಿ. ಇಷ್ಟು ಹೊಗೆಗೆ ಸಾಕಾಗುವ ಹೊಟ್ಟೆ ಆ ಸೈಲೆನ್ಸರಿಗೆ ಇದ್ದೇ ಇರುತ್ತದೆ. ಉಳಿದದ್ದು ಜೋಡಿಸುವ ಕೆಲಸ.

ಆ ಕೆಲಸವೇ ದೊಡ್ಡದು. ಹಳೆಯ ಬುಲೆಟ್ಟಿನಲ್ಲಿ ಎಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬೆಂಡ್ ಪೈಪು ಹೆಡ್ಡಿನ ತೂತಿಗೆ ಬಿಗಿಯಾಗಿ ತೂರಿಕೊಂಡು ಕೂತಿರುತ್ತದೆ, ಅಲ್ಲಿ ನಟ್ಟು ಬೋಲ್ಟು ಏನೂ ಇಲ್ಲ. ಯುಸಿಇಯಲ್ಲಿ ಎರಡು ಸ್ಟಡ್ಡುಗಳ ಮೇಲೆ ಫ್ಲ್ಯಾಂಜ್ ಕೂತು, ನಡುವೆ ಗ್ಯಾಸ್ಕೆಟ್ ಒತ್ತಿಕೊಳ್ಳುತ್ತದೆ. ಹೊಸ ಬೆಂಡ್ ಪೈಪು ಹಳೆಯ ಹೆಡ್ಡಿಗೆ ಹೊಂದುವ ಮಾತೇ ಇಲ್ಲ. ಇನ್ನು ಬಲಗಡೆ. ಹೊಸ ಗಾಡಿಯಲ್ಲಿ ಬಲಗಾಲಿಗೆ ಇರುವುದು ಬ್ರೇಕು. ನನ್ನ ಗಾಡಿಯಲ್ಲಿ ಕಿಕ್ಕರ್, ಗೇರು, ಅದರ ಪಕ್ಕದಲ್ಲೇ ನ್ಯೂಟ್ರಲ್ ಹುಡುಕುವ ಪುಟ್ಟ ಕಾಲುಸನ್ನೆ, ಎಲ್ಲವೂ ಬಲಕ್ಕೇ; ಸೈಲೆನ್ಸರೂ ಬಲಕ್ಕೇ. ಕಿಕ್ಕರ್ ಪೂರ್ತಿ ಕೆಳಗಿಳಿಯುವಷ್ಟು, ಬೂಟಿನ ಹಿಮ್ಮಡಿ ಗೇರು ಒತ್ತುವಷ್ಟು ಜಾಗ ಬಿಟ್ಟು ಪೈಪು ಹಾಯಬೇಕು. ಆದ್ದರಿಂದ ಬೆಂಡ್ ಪೈಪು ಹಳೆಯ ಮಾದರಿಯದೇ ಇರಲಿ, ಸೈಲೆನ್ಸರ್ ಮಾತ್ರ ಹೊಸ ಮಾದರಿಯದಾಗಲಿ ಎಂದು ತೀರ್ಮಾನವಾಯಿತು.

ರಾಶಿಯಲ್ಲಿ ಆರಿಸುವಾಗ ಮೇಸ್ತ್ರಿ ಒಂದು ಸೂಕ್ಷ್ಮ ಗಮನಿಸಿದರು. ತೀರಾ ಇತ್ತೀಚಿನವನ್ನು ಅವರು ಮುಟ್ಟಲಿಲ್ಲ. 2020ರ ಏಪ್ರಿಲಿನಿಂದ ಬಿಎಸ್ 6 ಹೊಗೆ ನಿಯಮ ಜಾರಿಗೆ ಬಂದ ಮೇಲಿನ ಗಾಡಿಗಳಲ್ಲಿ ಪೆಟ್ರೋಲನ್ನು ಇಂಜೆಕ್ಟರ್ ಚಿಮ್ಮಿಸುತ್ತದೆ, ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಸೆನ್ಸರ್ ನೋಡುತ್ತದೆ, ಕ್ಯಾಟಲಿಟಿಕ್ ಕನ್ವರ್ಟರ್ ವಿಷಾನಿಲವನ್ನು ಸುಡುತ್ತದೆ. ಕನ್ವರ್ಟರ್ ಎಂದರೆ ಜೇನುಗೂಡಿನಂಥ ಸಣ್ಣ ಸಣ್ಣ ಕಣ್ಣುಗಳ ಒಂದು ತುಂಡು, ಅದರ ಮೈಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಜಾತಿಯ ಲೋಹಗಳ ಲೇಪ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾದ ಮೇಲೆ ಅದು ಕೆಲಸ ಶುರುಮಾಡುತ್ತದೆ. ಅದಕ್ಕೆ ಅಳೆದು ಕೊಟ್ಟ ಪೆಟ್ರೋಲೇ ಬೇಕು. ಕಾರ್ಬುರೇಟರ್ ಇರುವ, ಒಂದಿಷ್ಟು ಆಯಿಲ್ಲನ್ನೂ ಸುಡುವ ಹಳೆಯ ಎಂಜಿನ್ನಿಗೆ ಅದನ್ನು ಹಾಕಿದರೆ ಆಯಿಲ್ಲಿನ ಬೂದಿ ಕಣ್ಣುಗಳನ್ನು ಮುಚ್ಚುತ್ತದೆ. ಉರಿಯದೆ ಬಂದ ಪೆಟ್ರೋಲ್ ಅಲ್ಲಿಗೆ ಬಂದು ಉರಿದರೆ ಕನ್ವರ್ಟರೇ ಕೆಂಪಗೆ ಕಾದು ಹಾಳಾಗುತ್ತದೆ. ನನ್ನ ಗಾಡಿ ಹುಟ್ಟಿದ ಕಾಲದಲ್ಲಿ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು, ಸೀಸ ಕನ್ವರ್ಟರಿಗೆ ನೇರ ವಿಷ. 2000ನೇ ಇಸವಿಯಲ್ಲಿ ಸೀಸದ ಪೆಟ್ರೋಲ್ ದೇಶದಲ್ಲೆಲ್ಲ ನಿಂತಿತು. ಹೊಸದೆಲ್ಲ ಹಳೆಯದಕ್ಕೆ ಒಳ್ಳೆಯದು ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಎಷ್ಟು ಹೊಸದು ಎಂಬುದನ್ನೂ ನೋಡಬೇಕು. ಕಾರ್ಬುರೇಟರ್ ಇದ್ದ ಕಾಲದ ಯುಸಿಇ ಗಾಡಿಯಿಂದ ಬಿಚ್ಚಿದ ಒಂದನ್ನು ಎತ್ತಿ, ಬಾಯಿಗೆ ಟಾರ್ಚ್ ಬಿಟ್ಟು, ಉದ್ದದ ತಂತಿ ತೂರಿಸಿ ನೋಡಿ, ಜೇನುಗೂಡು ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಮೇಸ್ತ್ರಿ ಅದನ್ನು ಬೆಂಚಿನ ಮೇಲಿಟ್ಟರು.

ವರ್ನಿಯರ್ ಹಿಡಿದು ನೋಡಿದರೆ ಸೈಲೆನ್ಸರಿನ ಬಾಯಿ ನಮ್ಮ ಬೆಂಡ್ ಪೈಪಿಗಿಂತ ತುಸು ಅಗಲ. ಕ್ಲಾಂಪ್ ಬಿಗಿದು ಒತ್ತಿಬಿಡಬಹುದು ಎನ್ನುವವರಿದ್ದಾರೆ. ಹಾಗೆ ಒತ್ತಿದ ಬಾಯಿ ದುಂಡಗೆ ಉಳಿಯುವುದಿಲ್ಲ, ಒಂದು ಕಡೆ ಸುಕ್ಕಾಗಿ ಅಲ್ಲಿಂದ ಹೊಗೆ ಸೋರುತ್ತದೆ. ಮೇಸ್ತ್ರಿ ಎದುರಿನ ಲೇತ್ ಅಂಗಡಿಗೆ ಕರೆದುಕೊಂಡು ಹೋದರು. ಲೇತಿನ ಹುಡುಗ ಉಕ್ಕಿನ ಪೈಪಿನ ತುಂಡೊಂದನ್ನು ಚಕ್ಕಿಗೆ ಕಚ್ಚಿಸಿ, ಒಳಗಿನಿಂದ ಒಂದಿಷ್ಟು, ಹೊರಗಿನಿಂದ ಒಂದಿಷ್ಟು ಕೆರೆದು ತೆಳುವಾದ ಸ್ಲೀವ್ ತೆಗೆದುಕೊಟ್ಟ. ನೀಲಿ ಸುರುಳಿಗಳು ಬೀಳುತ್ತಿದ್ದಾಗ ಮೇಸ್ತ್ರಿ ಬೆಂಡ್ ಪೈಪನ್ನು ಕಂಕುಳಲ್ಲಿ ಹಿಡಿದುಕೊಂಡೇ ನಿಂತಿದ್ದರು. ಲೇತ್ ನಿಲ್ಲಿಸಿದಾಗೆಲ್ಲ ಪೈಪಿನ ತುದಿ ತೂರಿಸಿ ನೋಡುವುದು, "ಇನ್ನೊಂದ್ ಕೂದಲೆಳೆ ತೆಗಿಯಪ್ಪ" ಎನ್ನುವುದು. ಕೊನೆಗೆ ಅದು ಕೈಯ ಒತ್ತಡಕ್ಕೆ ಸರಿದು, ತಿರುಗಿಸಿದರೆ ಬಿಗಿಯಾಗಿ ನಿಂತಿತು. ಗ್ಯಾರೇಜಿಗೆ ತಂದು ಸ್ಲೀವಿನ ಒಂದು ತುದಿಗೆ ಹ್ಯಾಕ್ಸಾದಿಂದ ನಾಲ್ಕು ಸೀಳು ಕೊಟ್ಟರು; ಕ್ಲಾಂಪ್ ಬಿಗಿದಾಗ ಸುತ್ತಲೂ ಸಮನಾಗಿ ಹಿಡಿಯಲಿ ಎಂದು. ಇಂಥ ಅಂಗಡಿಗಳು ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಇನ್ನೂ ಉಳಿದಿರುವುದರಿಂದಲೇ ಹಳೆಯ ಗಾಡಿಗಳು ರಸ್ತೆಯಲ್ಲಿವೆ. ಸಲ್ಲಬೇಕಾದ ಗೌರವ ಆ ಅಂಗಡಿಗಳಿಗೆ ಸಂದಿಲ್ಲ ಎಂಬುದು ನನ್ನ ಬಲವಾದ ಅಭಿಪ್ರಾಯ.

ಸೈಲೆನ್ಸರಿನ ಬೆನ್ನಿಗಿರುವ ಬ್ರಾಕೆಟ್ಟಿನ ತೂತು ಫ್ರೇಮಿನ ತೂತಿಗೆ ಹೊಂದಲಿಲ್ಲ. ಫ್ರೇಮಿನ ಕಿವಿಯನ್ನು ಕೊಯ್ದು ಇನ್ನೊಂದು ಕಡೆ ವೆಲ್ಡ್ ಮಾಡಿದರೆ ಹತ್ತು ನಿಮಿಷದ ಕೆಲಸ. ಮೇಸ್ತ್ರಿ ಒಪ್ಪಲಿಲ್ಲ. "ಗಾಡಿ ಕುಯ್ಯಬಾರ್ದು ಸಾರ್. ಕುಯ್ಯೋದಾದ್ರೆ ಹೊಸದಾಗಿ ತಂದಿದ್ದನ್ನ ಕುಯ್ಯಣ" ಎಂದರು. ಈ ಇಡೀ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ನಿಯಮ ಇದೇ. ಸೈಲೆನ್ಸರ್ ಇನ್ನೊಂದು ಸಿಗುತ್ತದೆ. 1986ರ ಫ್ರೇಮು ಸಿಗುವುದಿಲ್ಲ. ನಾಳೆ ಯಾರಾದರೂ ಈ ಗಾಡಿಯನ್ನು ಮೊದಲಿದ್ದ ಹಾಗೇ ಮಾಡಬೇಕೆಂದರೆ ನಾಲ್ಕು ಬೋಲ್ಟು ಬಿಚ್ಚಿದರೆ ಸಾಕು ಎಂಬಂತಿರಬೇಕು. ದಪ್ಪ ಪಟ್ಟಿಯಲ್ಲಿ ಎಲ್ ಆಕಾರದ ಬ್ರಾಕೆಟ್ ಮಾಡಿ, ಅದನ್ನು ಫ್ರೇಮಿನ ಹಳೆಯ ತೂತಿಗೇ ಬಿಗಿದು, ನಡುವೆ ರಬ್ಬರ್ ಬುಶ್ ಕೊಟ್ಟರು. ಬುಲೆಟ್ಟಿನ ನಡುಕಕ್ಕೆ ಬುಶ್ ಇಲ್ಲದ ಪಟ್ಟಿ ಘಾಟಿ ದಾಟುವ ಮೊದಲೇ ಬಿರುಕು ಬಿಡುತ್ತದೆ. ಆಮೇಲೆ ನನ್ನನ್ನೂ ಇನ್ನೊಬ್ಬರನ್ನೂ ಸೀಟಿನ ಮೇಲೆ ಕೂರಿಸಿ, ಕುಲುಕಿಸಿ, ಸ್ವಿಂಗ್ ಆರ್ಮ್ ಎಲ್ಲಾದರೂ ತಾಗುತ್ತದೆಯೇ ನೋಡಿದರು. ಹಿಂದಿನ ಆಕ್ಸಲ್ ಎಳೆದು ನೋಡಿದರು, ದಾರಿಯಲ್ಲಿ ಪಂಕ್ಚರ್ ಆದರೆ ಸೈಲೆನ್ಸರ್ ಬಿಚ್ಚುವ ಪಾಡು ಬರಬಾರದು. ಬಲಬದಿಯ ಕ್ಯಾನ್ವಾಸ್ ಚೀಲಕ್ಕೂ ತಗಡಿಗೂ ನಡುವೆ ಅಂಗೈ ಆಡುವಷ್ಟು ಜಾಗ ಇದೆಯೋ ಎಂದು ನೋಡಿದ್ದೂ ಅವರೇ. ದೂರ ಹೋಗುವ ಗಾಡಿಗೂ ಪೇಟೆ ಗಾಡಿಗೂ ವ್ಯತ್ಯಾಸ ಇರುವುದು ಇಂಥ ಕಡೆಗಳಲ್ಲಿ.

ಈ ಮೇಸ್ತ್ರಿ ಕೆಲಸ ಕಲಿತದ್ದು ಮೈಸೂರಿನಲ್ಲಿ, ಯೆಜ್ಡಿಗಳ ಮೇಲೆ. ಯೆಜ್ಡಿ ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಆ ಊರಿಗೆ ಎಷ್ಟು ಗಾಡಿ ಕೊಟ್ಟಿತೋ ಅಷ್ಟೇ ಮೆಕ್ಯಾನಿಕ್‌ಗಳನ್ನೂ ಕೊಟ್ಟಿದೆ. ಯೆಜ್ಡಿ ಎಂದರೆ ಒಂದೇ ಸಿಲಿಂಡರು, ಎರಡು ಸೈಲೆನ್ಸರು, ಪೆಟ್ರೋಲಿನ ಜೊತೆಯೇ ಆಯಿಲ್ ಉರಿಯುವ ಟೂ ಸ್ಟ್ರೋಕ್ ಎಂಜಿನ್. ಅದರ ಸೈಲೆನ್ಸರಿನಲ್ಲಿ ಮಸಿ ಕಟ್ಟಿ ಗಾಡಿ ಏರು ಹತ್ತದೆ ನಿಂತರೆ, ಒಳಗಿನ ಕೊಳವೆ ಎಳೆದು ಬೆಂಕಿಗೆ ಹಿಡಿದು ಸುಡುತ್ತಿದ್ದರು, ಇಲ್ಲವೇ ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಹಾಕುತ್ತಿದ್ದರು. ಟೂ ಸ್ಟ್ರೋಕಿನಲ್ಲಿ ಸೈಲೆನ್ಸರ್ ಎಂಜಿನ್ನಿನದೇ ಒಂದು ಭಾಗ. ಅಲ್ಲಿ ಕಲಿತವರ ಕಿವಿ ಹೊಗೆಯ ದಾರಿಯ ವಿಷಯದಲ್ಲಿ ಬಹಳ ಚುರುಕು.

ಫೋರ್ ಸ್ಟ್ರೋಕಿನಲ್ಲೂ ಆ ದಾರಿ ಸುಮ್ಮನೆ ಇರುವುದಲ್ಲ. "ಬ್ಯಾಕ್ ಪ್ರೆಶರ್ ಇರಬೇಕು, ಇಲ್ಲದಿದ್ದರೆ ಪಿಕಪ್ ಹೋಗುತ್ತದೆ" ಎಂದು ಗ್ಯಾರೇಜುಗಳಲ್ಲಿ ಹೇಳುವ ಮಾತಿದೆ. ಹೊಗೆಗೆ ಅಡ್ಡಿ ಮಾಡಿದರೆ ಯಾವ ಎಂಜಿನ್ನಿಗೂ ಲಾಭವಿಲ್ಲ. ನಡೆಯುವುದು ಬೇರೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಎಕ್ಸಾಸ್ಟ್ ವಾಲ್ವು ಸೆಕೆಂಡಿಗೆ 25 ಸಲ ತೆರೆಯುತ್ತದೆ. ತೆರೆದಾಗೆಲ್ಲ ಒತ್ತಡದ ಒಂದು ಅಲೆ ಪೈಪಿನಲ್ಲಿ ಸೆಕೆಂಡಿಗೆ 500 ಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತದೆ. ಪೈಪು ಮುಗಿದು ಸೈಲೆನ್ಸರಿನ ಅಗಲದ ಹೊಟ್ಟೆ ಸಿಕ್ಕ ಕಡೆ, ಬಾವಿಗೆ ಕೂಗಿದ ಕೂಗು ತಿರುಗಿ ಬರುವ ಹಾಗೆ, ಅದರ ಒಂದು ಪಾಲು ಹಿಂದಿರುಗುತ್ತದೆ, ಈ ಸಲ ಎಳೆಯುವ ಅಲೆಯಾಗಿ. ವಾಲ್ವು ಮುಚ್ಚುವ ಮೊದಲು ಅದು ಬಂದು ತಲುಪಿದರೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಈಚೆಗೆ ಎಳೆದು ಹೊಸ ಗಾಳಿಗೆ ಜಾಗ ಮಾಡಿಕೊಡುತ್ತದೆ. ಯಾವ ವೇಗದಲ್ಲಿ ಹಾಗಾಗಬೇಕು ಎಂಬುದನ್ನು ತೀರ್ಮಾನಿಸುವುದು ಬೆಂಡ್ ಪೈಪಿನ ಉದ್ದ. ಅಗಲವೂ ಮುಖ್ಯ. ಬೇಕಾದ್ದಕ್ಕಿಂತ ದೊಡ್ಡ ಪೈಪು ಹಾಕಿದರೆ ಹೊಗೆಯ ವೇಗ ತಗ್ಗಿ, ಕೆಳಗಿನ ಆರ್‌ಪಿಎಮ್ಮಿನಲ್ಲಿ ಎಳೆತ ಸಡಿಲವಾಗುತ್ತದೆ. ಜನ ಬ್ಯಾಕ್ ಪ್ರೆಶರ್ ಎನ್ನುವುದು ಇದನ್ನೇ. ನಾವು ಹಳೆಯ ಬೆಂಡ್ ಪೈಪಿನ ಉದ್ದ, ಅಗಲ ಎರಡನ್ನೂ ಮುಟ್ಟಲಿಲ್ಲವಾದ್ದರಿಂದ ಗಾಡಿಯ ಸ್ವಭಾವ ಕೆಡಲಿಲ್ಲ. 18 ಅಶ್ವಶಕ್ತಿಯ ಎಂಜಿನ್ ಅದು. ಅದರ ಸೊಗಸು ಇರುವುದು ಕೆಳಗಿನ ಎಳೆತದಲ್ಲಿ. ಅದನ್ನು ಕಳೆದುಕೊಂಡು ಶಬ್ದ ಸಂಪಾದಿಸಿ ಏನು ಮಾಡುವುದು?

ಮೊದಲ ಓಡಾಟಕ್ಕೆ ಶಿರಾಡಿ ಘಾಟಿಯನ್ನೇ ಆರಿಸಿದೆ. ಸಕಲೇಶಪುರ ದಾಟಿ, ಮಾರನಹಳ್ಳಿಯಿಂದ ಇಳಿಯುವಾಗ ಥ್ರಾಟಲ್ ಮುಚ್ಚಿದರೆ ಸೈಲೆನ್ಸರಿನಲ್ಲಿ ಪಟ್ ಪಟ್ ಎಂದು ಒಡೆಯುವ ಸದ್ದು. ಗುಂಡ್ಯದಲ್ಲಿ ಚಹಾ ಕುಡಿಯುತ್ತ ಮೇಸ್ತ್ರಿಗೆ ಫೋನು ಮಾಡಿದೆ. "ಹೆಡ್ ಹತ್ರ ಗಾಳಿ ಎಳ್ಕೊತಾ ಇದೆ ಸಾರ್, ಹೆದರ್ಬೇಡಿ, ವಾಪಸ್ ಬಂದ್ಮೇಲೆ ನೋಡಣ" ಎಂದರು. ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿದಾಗ ಸರಿಯಾಗಿ ಉರಿಯದ ಪೆಟ್ರೋಲ್ ಒಂದಿಷ್ಟು ಪೈಪಿಗೆ ಬರುತ್ತದೆ. ಎಲ್ಲಾದರೂ ಸಂದಿಯಿದ್ದು ಹೊರಗಿನ ಗಾಳಿ ಸೇರಿದರೆ ಅದು ಅಲ್ಲೇ ಸಿಡಿಯುತ್ತದೆ. ಹಳೆಯ ಬುಲೆಟ್ಟಿನ ಹೆಡ್ಡು ಅಲ್ಯುಮಿನಿಯಂ, ಪೈಪು ಉಕ್ಕು. ವರ್ಷಾನುಗಟ್ಟಲೆ ನಡುಗಿ ನಡುಗಿ ಮೆತ್ತಗಿನ ಅಲ್ಯುಮಿನಿಯಂ ತೂತು ಸವೆದು ಸಡಿಲವಾಗಿರುತ್ತದೆ. ಊರಿಗೆ ಬಂದ ಮೇಲೆ ಎಂಜಿನ್ ಓಡುತ್ತಿರುವಾಗಲೇ ಸೈಲೆನ್ಸರಿನ ಹಿಂದಿನ ಬಾಯಿಗೆ ಒದ್ದೆ ಬಟ್ಟೆಯನ್ನು ಒಂದು ಗಳಿಗೆ ಒತ್ತಿ ಹಿಡಿದರು. ಹೆಡ್ಡಿನ ಬುಡದಲ್ಲಿ ಸ್ ಸ್ ಎಂದು ಕೇಳಿಸಿತು. ಪೈಪು ಎಳೆದು, ಮಸಿ ಕೆರೆದು, ಶಾಖ ತಡೆಯುವ ಎಕ್ಸಾಸ್ಟ್ ಪೇಸ್ಟ್ ಸವರಿ, ಮತ್ತೆ ಬಡಿದು ಕೂರಿಸಿ, ರಾತ್ರಿಯೆಲ್ಲ ಒಣಗಲು ಬಿಟ್ಟರು. ಆ ಸದ್ದು ಮತ್ತೆ ಬರಲಿಲ್ಲ.

ಪ್ಲಗ್ಗನ್ನು ನೋಡಿದರೆ ಪಿಂಗಾಣಿ ಸ್ವಲ್ಪ ಬೆಳ್ಳಗಿತ್ತು. ಸೋರಿಕೆ ಮುಚ್ಚಿದ ಮೇಲೂ ಬೆಳ್ಳಗೇ. ಹೊಸ ಸೈಲೆನ್ಸರ್ ಹಳೆಯದಕ್ಕಿಂತ ಸಲೀಸಾಗಿ ಹೊಗೆ ಬಿಡುತ್ತಿದೆ, ಪೆಟ್ರೋಲ್ ಸಾಲುತ್ತಿಲ್ಲ ಎಂದು ಅದರ ಅರ್ಥ. ಕಾರ್ಬುರೇಟರಿನ ಸೂಜಿಯ ಕ್ಲಿಪ್ಪನ್ನು ಒಂದು ಗೆರೆ ಕೆಳಗೆ ಇಳಿಸಿದರು. ಕ್ಲಿಪ್ ಇಳಿದರೆ ಸೂಜಿ ಏರುತ್ತದೆ, ಪೆಟ್ರೋಲ್ ತುಸು ಹೆಚ್ಚು ಹರಿಯುತ್ತದೆ. ಮತ್ತೊಂದು ಘಾಟಿ ಹತ್ತಿಸಿ ಬಿಚ್ಚಿ ನೋಡಿದಾಗ ತಿಳಿಕಂದು ಬಣ್ಣ. ಸೈಲೆನ್ಸರ್ ಬದಲಿಸಿ ಕಾರ್ಬುರೇಟರ್ ಮುಟ್ಟದೆ ಬಿಡುವುದು ಅರ್ಧ ಕೆಲಸ. ಗದ್ದಲದ ಸೈಲೆನ್ಸರ್ ಹಾಕಿಸಿಕೊಂಡವರಲ್ಲಿ ಪ್ಲಗ್ ಬಿಚ್ಚಿ ನೋಡಿದವರು ಎಷ್ಟು ಜನ?

ಎಮಿಷನ್ ಟೆಸ್ಟ್ ಮಾಡಿಸಿದೆ. 2000ದ ಮಾರ್ಚ್ ಅಂತ್ಯಕ್ಕೆ ಮೊದಲು ತಯಾರಾದ ದ್ವಿಚಕ್ರ ವಾಹನಗಳಿಗೆ ಕಾರ್ಬನ್ ಮಾನಾಕ್ಸೈಡ್ ಶೇ. 4.5 ಮೀರುವಂತಿಲ್ಲ. ನನ್ನದು ಅದಕ್ಕಿಂತ ಎಷ್ಟೋ ಕೆಳಗೆ ಬಂತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂಥ ಮಾರ್ಪಾಡನ್ನು ಒಪ್ಪುವುದಿಲ್ಲ. 175 ಸಿಸಿಗಿಂತ ದೊಡ್ಡ ಹೊಸ ಮೋಟಾರ್ ಸೈಕಲ್ಲುಗಳಿಗೆ ಕಾರ್ಖಾನೆಯ ಹಂತದಲ್ಲೇ 80 ಡೆಸಿಬಲ್ಲಿನ ಮಿತಿಯೂ ಇದೆ. ಆ ಮಿತಿಗಾಗಿ ಮಾಡಿದ ಸೈಲೆನ್ಸರೇ ಈಗ ನನ್ನ ಗಾಡಿಯಲ್ಲಿದೆ. ವಶಪಡಿಸಿಕೊಂಡ ಸೈಲೆನ್ಸರುಗಳನ್ನು ರಸ್ತೆಯ ಮೇಲೆ ಸಾಲಾಗಿಟ್ಟು ಪೊಲೀಸರು ರೋಡ್‌ರೋಲರ್ ಹತ್ತಿಸುವ ಚಿತ್ರ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅವರು ಮಾಡುವುದು ಸರಿಯೆಂದೇ ನನ್ನ ಮತ. ಬುಲೆಟ್ಟಿನ ಡುಗ್ ಡುಗ್ ನನಗೂ ಪ್ರಿಯವೇ. ಆದರೆ ಅದು ಓಡಿಸುವವನಿಗೆ ಕೇಳಿದರೆ ಸಾಕು. ನಸುಕಿನಲ್ಲಿ ಹೊರಟವನು ದಾರಿಯುದ್ದಕ್ಕೂ ಎಷ್ಟು ಊರು ದಾಟುತ್ತಾನೆ, ಎಷ್ಟು ಆಸ್ಪತ್ರೆ, ಎಷ್ಟು ತೊಟ್ಟಿಲು! ಶಬ್ದ ಕಡಿಮೆಯಾದರೆ ದೂರ ಪ್ರಯಾಣ ಮಾಡುವವನಿಗೂ ಲಾಭವೇ. ಆರು ಗಂಟೆ ಅಬ್ಬರದ ಪಕ್ಕದಲ್ಲಿ ಕೂತು ಇಳಿದರೆ ಕಿವಿ ಗುಂಯ್‌ಗುಟ್ಟುತ್ತದೆ, ತಲೆ ಭಾರವಾಗುತ್ತದೆ. ಈಗ ಹೆಲ್ಮೆಟ್ಟಿನೊಳಗಿಂದಲೇ ಟ್ಯಾಪೆಟ್ ಸದ್ದು, ಚೈನಿನ ಸದ್ದು ಬೇರೆಬೇರೆಯಾಗಿ ಕೇಳಿಸುತ್ತವೆ. ಏನಾದರೂ ಸಡಿಲವಾದರೆ ತಕ್ಷಣ ತಿಳಿಯುತ್ತದೆ. ಹಿಂದೆ ಕೂತ ಹೆಂಡತಿಯ ಜೊತೆ ಕೂಗದೆ ಮಾತಾಡಬಹುದು.

ತೂತು ಬಿದ್ದ ಹಳೆಯ ಸೈಲೆನ್ಸರನ್ನು ಗುಜರಿಗೆ ಹಾಕಿಲ್ಲ. ಅದರ ಕ್ಲಾಂಪು, ಬೋಲ್ಟುಗಳ ಸಮೇತ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೇನೆ. ಹೊಸದರ ಕೆಳಹೊಟ್ಟೆಯಲ್ಲಿ ನೀರು ಬಸಿಯಲು ಇರುವ ಸಣ್ಣ ತೂತಿಗೆ ತಿಂಗಳಿಗೊಮ್ಮೆ ಪಿನ್ನು ಚುಚ್ಚಿ ಮಸಿ ಬಿಡಿಸುತ್ತೇನೆ. ಸ್ಟಾರ್ಟ್ ಮಾಡಿದ ದಿನ ಹತ್ತು ಹದಿನೈದು ಕಿಲೋಮೀಟರಾದರೂ ಓಡಿಸದೆ ನಿಲ್ಲಿಸುವುದಿಲ್ಲ.

ಇನ್ನು ಉಳಿದಿರುವುದು ಹೆಡ್ಡಿನ ಜೋಡಣೆ. ಪೇಸ್ಟು ಎಷ್ಟು ಕಾಲ ತಡೆಯುತ್ತದೆ ಎಂಬ ಪ್ರಶ್ನೆ ಇದ್ದೇ ಇದೆ. ಅಕ್ಕನ ಮಗ ಬೇರೊಂದು ಗ್ಯಾರೇಜಿನಲ್ಲಿ ವಿಚಾರಿಸಿಕೊಂಡು ಬಂದಿದ್ದಾನೆ: ಹೆಡ್ಡಿಗೆ ಡ್ರಿಲ್ ಹೊಡೆದು ಎರಡು ಸ್ಟಡ್ ಕೂರಿಸಿಬಿಟ್ಟರೆ ಯುಸಿಇಯ ಫ್ಲ್ಯಾಂಜ್, ಬೆಂಡ್ ಪೈಪು ಎಲ್ಲವನ್ನೂ ಹಾಕಬಹುದಂತೆ. "ಪರ್ಮನೆಂಟ್ ಆಗತ್ತೆ ಮಾಮ" ಎನ್ನುತ್ತಾನೆ. ಪರ್ಮನೆಂಟ್ ಆಗುತ್ತದೆ ಎಂಬುದೇ ನನ್ನ ತಕರಾರು. ಆ ಹೆಡ್ಡಿಗೆ ಡ್ರಿಲ್ ತಾಗಿಸಲು ನಾನು ಬಿಡುವುದಿಲ್ಲ. ತೂತು ಇನ್ನೂ ಸವೆದರೆ ಲೇತಿನವನ ಹತ್ತಿರ ಪೈಪಿನ ತುದಿಗೆ ತೆಳುವಾದ ಉಂಗುರ ಮಾಡಿಸಿ ಕೂರಿಸಬಹುದು ಎಂದು ಮೇಸ್ತ್ರಿ ಹೇಳಿದ್ದಾರೆ. ಹಳೆಯ ಮಾದರಿಯ ಬೆಂಡ್ ಪೈಪು ಜೆ.ಸಿ. ರಸ್ತೆಯಲ್ಲಿ ಇನ್ನೂ ಸಿಗುತ್ತದೆ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ದಪ್ಪ ತಗಡಿನದು ನೋಡಿ ಎರಡು ತಂದಿಟ್ಟುಕೊಳ್ಳುತ್ತೇನೆ.